ಕಾಲಿಗೆ ಕೂರುವ ಹಾಡು

ವಾಕಿಂಗಿಗೆ ಯಾವ ಹಾಡು ಹಾಕಿಕೊಳ್ಳೋದು ಅಂತ ಕೋಲಾರದ ಸ್ಟೇಡಿಯಂನಲ್ಲಿ ಜೊತೆಗೆ ನಡೆಯುವವರು ನನ್ನನ್ನು ಆಗಾಗ ಕೇಳುತ್ತಾರೆ. ನಾನು ಹಾಡಿನ ಹೆಸರು ಹೇಳುವುದಿಲ್ಲ. ಮೊದಲು ನಿಮ್ಮ ಹೆಜ್ಜೆ ಎಣಿಸಿ ಅಂತೀನಿ. ಮನಸ್ಸಿಗೆ ಹಿಡಿಸಿದ ಹಾಡು ಬೇರೆ, ಕಾಲಿಗೆ ಕೂರುವ ಹಾಡು ಬೇರೆ.

ನಾನು ಮಾಡಿದ್ದು ಇಷ್ಟೇ. ಹಾಡಿಲ್ಲದೆ ಒಂದೆರಡು ಸುತ್ತು ನಡೆದು, ಮೈ ಬಿಸಿಯಾದ ಮೇಲೆ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಒತ್ತಿ, 15 ಸೆಕೆಂಡಿಗೆ ಎಷ್ಟು ಹೆಜ್ಜೆ ಬೀಳುತ್ತೆ ಅಂತ ಎಣಿಸಿದೆ. 28 ಬಂತು. ಅಂದರೆ ನಿಮಿಷಕ್ಕೆ 112. ದೊಡ್ಡವರಿಗೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಇದ್ದರೆ ಅದು ಬಿರುಸು ನಡಿಗೆ, 130ರ ಹತ್ತಿರ ಹೋದರೆ ಜೋರು ವ್ಯಾಯಾಮ. ಆಮೇಲೆ ಮನೆಯಲ್ಲಿ ಕೂತು ಒಂದೊಂದೇ ಹಾಡು ಹಾಕಿ, ತೊಡೆ ಮೇಲೆ ತಾಳ ತಟ್ಟುತ್ತಾ ಅದೇ 15 ಸೆಕೆಂಡಿನ ಲೆಕ್ಕ ಹಿಡಿದೆ. 28ರಿಂದ 30 ಪೆಟ್ಟು ಬೀಳುವ ಹಾಡುಗಳನ್ನು ಮಾತ್ರ ಒಂದು ಕಡೆ ಸೇರಿಸಿದೆ, ಕನ್ನಡವೂ ಇದೆ, ತೆಲುಗೂ ಇದೆ, ನಮ್ಮ ಕಡೆ ಎರಡೂ ಚಿಕ್ಕಂದಿನಿಂದ ಕಿವಿಗೆ ಬಿದ್ದಿರುತ್ತವಲ್ವಾ. ಹೆಜ್ಜೆಗಿಂತ ಒಂದೆರಡು ಪೆಟ್ಟು ಜಾಸ್ತಿ ಇದ್ದರೆ ಇನ್ನೂ ಒಳ್ಳೇದು, ಕಾಲು ತಾನಾಗೇ ಚುರುಕಾಗುತ್ತೆ. ನಿಧಾನ ಓಟಕ್ಕೆ ನಿಮಿಷಕ್ಕೆ 80 ಪೆಟ್ಟಿನ ಹಾಡೂ ಸಾಕು, ಪೆಟ್ಟಿಗೆ ಎರಡು ಹೆಜ್ಜೆ ಹಾಕಿದರೆ 160 ಆಯಿತು.

ವೇಗ ಸರಿ ಇದ್ದರೂ ಕೆಲವು ಹಾಡಿಗೆ ಹೆಜ್ಜೆ ಕೂರುತ್ತಲೇ ಇರಲಿಲ್ಲ. ಸಂಗೀತ ಕಲಿತಿರುವ ಅತ್ತಿಗೆಗೆ ಅಂಥದ್ದೊಂದನ್ನು ಕೇಳಿಸಿದೆ. "ಅದು ಮಿಶ್ರಛಾಪು ಕಣೋ, ತಕಿಟ ತಕಧಿಮಿ ಅಂತ ಹೇಳಿಕೊಂಡು ನಡೆದು ನೋಡು" ಅಂದರು. ಹಜಾರದಲ್ಲೇ ನಡೆದೆ. ಅದು ಏಳು ಎಣಿಕೆಯ ತಾಳ, ಮೂರಕ್ಕೊಂದು, ನಾಲ್ಕಕ್ಕೊಂದು ಪೆಟ್ಟು, ಅಂತರ ಒಂದೇ ಸಮ ಇಲ್ಲ, ಕಾಲು ಕಾಯುತ್ತೆ, ಇಲ್ಲಾ ಮುಂದೆ ಓಡುತ್ತೆ. ಐದು ಎಣಿಕೆಯ ಖಂಡಛಾಪು ತಾಳವೂ ಹಾಗೇ. ಆದಿತಾಳದಲ್ಲಿ ಈ ತೊಂದರೆ ಇಲ್ಲ, ಅದರ ಎಂಟು ಎಣಿಕೆಯೂ ಸಮನಾಗಿ ಬೀಳುತ್ತವೆ. ಛಾಪು ತಾಳದ ಹಾಡುಗಳನ್ನು ನಾನು ರಾತ್ರಿ ಊಟ ಆದ ಮೇಲೆ ಕೇಳುತ್ತೇನೆ, ಅವಕ್ಕೆ ಅದೇ ಸರಿಯಾದ ಹೊತ್ತು.

ಇನ್ನು ತಮಟೆ. ಇದರ ಬಗ್ಗೆ ಎಷ್ಟು ಹೇಳಿದರೂ ಸಾಲದು. ಊರ ಜಾತ್ರೆಯಲ್ಲಿ ತಮಟೆಯವರು ಒಣ ಹುಲ್ಲಿಗೆ ಬೆಂಕಿ ಹಚ್ಚಿ ಚರ್ಮ ಕಾಯಿಸಿ, ಬೆರಳಲ್ಲಿ ತಟ್ಟಿ ತಟ್ಟಿ ನೋಡಿ, ಟಣ್ ಅಂತ ಬಿಗಿ ಬಂದ ಮೇಲೇ ಶುರು ಮಾಡುತ್ತಾರೆ. ಅವರನ್ನು ಕೇಳಿಕೊಂಡೇ ಪೂರ್ತಿ ಒಂದು ವರಸೆ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಮಾತಿಲ್ಲ, ಪಲ್ಲವಿ ಇಲ್ಲ, ಸಾಹಿತ್ಯದ ಹಿಂದೆ ಮನಸ್ಸು ಹೋಗುವುದಿಲ್ಲ, ಬರೀ ಪೆಟ್ಟು. ನಿಧಾನಕ್ಕೆ ಶುರುವಾಗಿ ಏರುತ್ತಾ ಹೋಗುತ್ತೆ, ಹಾಗಾಗಿ ಅದನ್ನು ಕೊನೆಯ ಸುತ್ತುಗಳಿಗೆ ಇಟ್ಟುಕೊಂಡಿದ್ದೇನೆ. ಮೊದಲೇ ಹಾಕಿದರೆ ಬೇಗ ಏದುಸಿರು ಬರುತ್ತೆ. ಪಕ್ಕದ ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಿದ್ದು ಇದೇ ತಮಟೆಗೆ. ಜಿಮ್‌ಗೆ ಹೋಗುವ ನಮ್ಮ ಹುಡುಗರು ಎಲ್ಲೆಲ್ಲಿಂದಲೋ ಬೀಟ್ ಹುಡುಕುತ್ತಾರೆ, ಒಮ್ಮೆ ಇದನ್ನೂ ಹಾಕಿಕೊಂಡು ನೋಡಲಿ ಅಂತ ನನ್ನ ಆಸೆ.

ಲಯಕ್ಕೆ ಹೆಜ್ಜೆ ಹಾಕೋದು ದೊಡ್ಡ ಓಟಗಾರರೂ ಮಾಡುವ ಕೆಲಸ. ಇಥಿಯೋಪಿಯಾದ ಹೈಲೆ ಗೆಬ್ರಸೆಲಾಸಿ 1998ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ 2000 ಮೀಟರ್ ಒಳಾಂಗಣ ದಾಖಲೆ ಮಾಡಿದಾಗ ಮೈದಾನದಲ್ಲಿ ತನಗೆ ಬೇಕಾದ ಹಾಡು ಹಾಕಿಸಿಕೊಂಡೇ ಓಡಿದ್ದರು.

ಆದರೆ ಅಂತರಗಂಗೆ ಬೆಟ್ಟದ ಮೆಟ್ಟಿಲು ಹತ್ತುವಾಗ ನಾನು ಇಯರ್‌ಫೋನ್ ತೆಗೆದು ಜೇಬಿಗೆ ಹಾಕುತ್ತೇನೆ. ಹದವಾದ ಶ್ರಮದಲ್ಲಿ ಹಾಡು ಸುಸ್ತಿನ ಕಡೆಯಿಂದ ಗಮನ ಎಳೆಯುತ್ತೆ, ಶ್ರಮ ತುಂಬಾ ಜಾಸ್ತಿಯಾದಾಗ ಮೈಯ ಕೂಗೇ ಗೆಲ್ಲುತ್ತೆ. ಲಂಡನ್ನಿನ ಬ್ರೂನೆಲ್ ವಿಶ್ವವಿದ್ಯಾಲಯದಲ್ಲಿ ಕೋಸ್ಟಾಸ್ ಕರಜಾರ್ಜಿಸ್ ವರ್ಷಗಟ್ಟಲೆ ಇದನ್ನೇ ಅಧ್ಯಯನ ಮಾಡಿದ್ದಾರೆ. ಮೆಟ್ಟಿಲ ಮೇಲೆ ಉಸಿರೇ ತಾಳ. ಮೆಟ್ಟಿಲೂ ಒಂದೇ ಅಳತೆ ಇರುವುದಿಲ್ಲ, ಹಾಡಿನ ಪೆಟ್ಟಿಗೆ ಕಾಲಿಟ್ಟರೆ ಮುಗ್ಗರಿಸೋದು ಗ್ಯಾರಂಟಿ. ಮೇಲಾಗಿ ಅಲ್ಲಿ ಕೋತಿಗಳು ಹಿಂದಿನಿಂದ ಬಂದರೆ ಕೇಳಿಸಬೇಕು.

ರಸ್ತೆಯಲ್ಲಿ ನಡೆಯುವ ದಿನ ಒಂದೇ ಕಿವಿಗೆ ಹಾಕಿಕೊಳ್ಳುತ್ತೇನೆ. ಬೆಳಗಿನ ಜಾವ ತರಕಾರಿ ಗಾಡಿಗಳು, ಹಾಲಿನ ವ್ಯಾನುಗಳು ಎಷ್ಟು ಜೋರಾಗಿ ಬರುತ್ತವೆ ಅಂತ ಇಲ್ಲಿಯವರಿಗೆ ಗೊತ್ತು. ಸೌಂಡ್ ಅರ್ಧಕ್ಕಿಂತ ಕಮ್ಮಿ, ಪಕ್ಕದಲ್ಲಿ ನಡೆಯುವವರು ಮಾತಾಡಿಸಿದರೆ ಕೇಳಿಸುವಷ್ಟು.