ಬಸುರಿಯ ಮೊದಲ ಮೂರು ತಿಂಗಳು: ಸ್ಪಾಗೆ ಹೋಗುವ ಮುನ್ನ

ದಾವಣಗೆರೆಯಲ್ಲಿ ಸ್ಪಾ ಎಂಬ ಫಲಕದ ಹಿಂದೆ ಬೇರೆ ಬೇರೆ ಬಗೆಯ ವ್ಯವಹಾರಗಳು ನಡೆಯುತ್ತವೆ. ಬ್ಯೂಟಿ ಪಾರ್ಲರಿನಲ್ಲಿ ಸ್ಪಾ ಎಂದರೆ ಹೇರ್ ಸ್ಪಾ ಮತ್ತು ಪೆಡಿಕ್ಯೂರ್. ಆಯುರ್ವೇದ ಕೇಂದ್ರದಲ್ಲಿ ಮೈಗೆ ಎಣ್ಣೆ ತಿಕ್ಕಿ ಹಬೆಪೆಟ್ಟಿಗೆಯಲ್ಲಿ ಕೂರಿಸುವುದು. ದೊಡ್ಡ ಜಿಮ್ ಅಥವಾ ಹೋಟೆಲಿನಲ್ಲಿ ಮಸಾಜ್, ಸೌನಾ ಎಂಬ ಒಣಬಿಸಿಯ ಕೋಣೆ, ಸ್ಟೀಮ್ ಮತ್ತು ಬಿಸಿನೀರಿನ ತೊಟ್ಟಿ. ಆದ್ದರಿಂದ ಒಂದೂವರೆ ಎರಡು ತಿಂಗಳ ಗರ್ಭಿಣಿ ಸ್ಪಾಗೆ ಹೋಗಬಹುದೇ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಒಳಗೆ ಹೋಗಿ ಏನು ಮಾಡಿಸಿಕೊಳ್ಳುತ್ತೀರಿ ಎಂಬುದೇ ಉತ್ತರವನ್ನು ನಿರ್ಧರಿಸುತ್ತದೆ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮಸಾಜಿಗೆ ಹೆದರುತ್ತಾರೆ, ಬಿಸಿನೀರನ್ನು ಮಾತ್ರ ಕಣ್ಣುಮುಚ್ಚಿ ನಂಬುತ್ತಾರೆ. ಈ ಅವಧಿಯಲ್ಲಿ ಮೊದಲು ಎಚ್ಚರ ವಹಿಸಬೇಕಾದದ್ದು ಬಿಸಿಯ ಬಗ್ಗೆ, ನಂತರ ಮೈಗೆ ಹಚ್ಚುವ ವಸ್ತುಗಳ ಬಗ್ಗೆ, ಕೈಯ ಒತ್ತಡದ ಮಾತು ಕೊನೆಯದು.

ಬಿಸಿಗೆ ಇಷ್ಟು ಮಹತ್ವ ಕೊಡಲು ಕಾರಣವಿದೆ. ಮಗುವಿನ ಮಿದುಳು ಮತ್ತು ಬೆನ್ನುಹುರಿಯಾಗಿ ಬೆಳೆಯುವ ನರಕೊಳವೆಯು ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಕೊನೆಯ ಮುಟ್ಟಿನಿಂದ ಎಣಿಸುವ ವೈದ್ಯರ ಲೆಕ್ಕದಲ್ಲಿ ಅದು ಆರನೆಯ ವಾರ, ಅಂದರೆ ಅನೇಕರು ಇನ್ನೂ ಪರೀಕ್ಷೆಯನ್ನೇ ಮಾಡಿಕೊಂಡಿರದ ಹೊತ್ತು. ಈ ಸಮಯದಲ್ಲಿ ತಾಯಿಯ ಒಳಮೈಯ ಉಷ್ಣತೆ 39 ಡಿಗ್ರಿ ಸೆಲ್ಸಿಯಸ್ ದಾಟಿ ಸ್ವಲ್ಪ ಹೊತ್ತು ನಿಂತರೆ ನರಕೊಳವೆ ಸರಿಯಾಗಿ ಮುಚ್ಚದಿರುವ ಅಪಾಯ ಹೆಚ್ಚುತ್ತದೆ ಎಂದು ವೈದ್ಯರು ಎಚ್ಚರಿಸುತ್ತಾರೆ. 40 ಡಿಗ್ರಿಯ ಬಿಸಿನೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿ ಕುಳಿತರೆ 10ರಿಂದ 20 ನಿಮಿಷಗಳಲ್ಲೇ ಮೈ ಆ ಮಟ್ಟಕ್ಕೆ ಕಾಯಬಹುದು.

ಹಬೆಪೆಟ್ಟಿಗೆ ಇನ್ನಷ್ಟು ಮೋಸದ್ದು. ಮರದ ಪೆಟ್ಟಿಗೆಯೊಳಗೆ ಸ್ಟೂಲಿನ ಮೇಲೆ ಕೂರಿಸಿ, ಬಾಗಿಲು ಮುಚ್ಚಿ, ಪಕ್ಕದ ಒಲೆಯ ಮೇಲಿರುವ ಕುಕ್ಕರಿನಿಂದ ಕೊಳವೆಯ ಮೂಲಕ ಹಬೆ ಬಿಡುತ್ತಾರೆ. ತಲೆ ಮಾತ್ರ ಹೊರಗಿರುತ್ತದೆ, ಮುಖಕ್ಕೆ ಫ್ಯಾನಿನ ಗಾಳಿ ಬೀಸುತ್ತಿರುತ್ತದೆ. ಮುಖ ತಂಪಾಗಿರುವುದರಿಂದ ಒಳಗೆ ಮೈ ಎಷ್ಟು ಕಾದಿದೆ ಎಂಬುದು ಕುಳಿತವರಿಗೇ ತಿಳಿಯುವುದಿಲ್ಲ. ಬೆವರು ಆರಿದರೆ ತಾನೇ ಮೈ ತಣಿಯುವುದು. ಹಬೆ ತುಂಬಿದ ಪೆಟ್ಟಿಗೆಯಲ್ಲಿ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಆದಕಾರಣ ಸ್ಟೀಮ್, ಸೌನಾ ಮತ್ತು ಬಿಸಿನೀರಿನ ತೊಟ್ಟಿ ಇವು ಮೂರನ್ನೂ ಸಂಪೂರ್ಣವಾಗಿ ಬಿಡಬೇಕು. ಐದೇ ನಿಮಿಷ ಎಂಬ ರಾಜಿಯೂ ಬೇಡ. ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಮುಟ್ಟು ತಪ್ಪುವವರೆಗೆ ಕಾಯದೆ ಈಗಲೇ ಬಿಡುವುದು ಕ್ಷೇಮ. ಆಯುರ್ವೇದದ ಚಿಕಿತ್ಸೆ ಎಂದು ಕೇಂದ್ರದವರು ಒತ್ತಾಯಿಸಿದರೆ, ಸ್ವೇದನ, ಅಂದರೆ ಬೆವರಿಸುವ ಚಿಕಿತ್ಸೆ, ಮಾಡಬಾರದವರ ಪಟ್ಟಿಯಲ್ಲಿ ಚರಕಸಂಹಿತೆಯೇ ಗರ್ಭಿಣಿಯನ್ನು ಸೇರಿಸಿದೆ ಎಂದು ಧೈರ್ಯವಾಗಿ ಹೇಳಬಹುದು. ವಾಂತಿ ಮಾಡಿಸುವ ವಮನ, ಭೇದಿ ಮಾಡಿಸುವ ವಿರೇಚನಗಳಂತಹ ಪಂಚಕರ್ಮಗಳೂ ಈಗ ಸಲ್ಲವು.

ಗರ್ಭ ನಿಂತದ್ದು ತಿಳಿಯುವ ಮುನ್ನ ಒಮ್ಮೆ ಹಬೆಯಲ್ಲಿ ಕುಳಿತುಬಂದವರು ಗಾಬರಿಪಡಬೇಕಾಗಿಲ್ಲ. ಮೊದಲ ತಪಾಸಣೆಯಲ್ಲೇ ಅದನ್ನು ವೈದ್ಯರಿಗೆ ಹೇಳಿ, ದಿನಕ್ಕೆ ಕನಿಷ್ಠ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲದ ಮಾತ್ರೆಯನ್ನು ಅವರು ಹೇಳಿದಂತೆ ತಪ್ಪದೆ ತೆಗೆದುಕೊಳ್ಳಿ. 18ರಿಂದ 20ನೆಯ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಬೆನ್ನುಮೂಳೆಯನ್ನು ಹೇಗಿದ್ದರೂ ವಿವರವಾಗಿ ನೋಡುತ್ತಾರೆ.

ಹೇರ್ ಸ್ಪಾ ಮಾಡಿಸಿಕೊಳ್ಳಲು ಅಡ್ಡಿಯಿಲ್ಲ, ಏಕೆಂದರೆ ತಲೆಗಷ್ಟೇ ಇಡುವ ಸ್ಟೀಮರ್ ಇಡೀ ಮೈಯನ್ನು ಕಾಯಿಸುವುದಿಲ್ಲ. ತಲೆ ಸುತ್ತಿದರೆ ಕೂಡಲೇ ತೆಗೆಸಬೇಕು, ಅಷ್ಟೆ. ಕೂದಲು ನೇರ ಮಾಡಿಸುವ ಕೆರಾಟಿನ್, ಸ್ಮೂದನಿಂಗ್ ಬೇಡ. ಅವುಗಳಲ್ಲಿ ಅನೇಕವು ಕಾದ ಇಸ್ತ್ರಿ ಸೋಕಿದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ, ಕಿಟಕಿಯಿಲ್ಲದ ಎಸಿ ಕೋಣೆಯಲ್ಲಿ ಅದನ್ನೇ ಗಂಟೆಗಟ್ಟಲೆ ಉಸಿರಾಡಬೇಕಾಗುತ್ತದೆ. ಹೇರ್ ಕಲರ್ ಹಾಕಿಸಲು 12 ವಾರ ಕಳೆಯಲಿ. ಗೋರಂಟಿ ಸೊಪ್ಪನ್ನು ರುಬ್ಬಿ ಹಚ್ಚಿಕೊಳ್ಳುವುದರಲ್ಲಿ ತೊಂದರೆಯಿಲ್ಲ, ಆದರೆ ಹಚ್ಚಿದ ಕ್ಷಣದಲ್ಲೇ ಕಪ್ಪಾಗುವ ಬ್ಲ್ಯಾಕ್ ಮೆಹಂದಿಯಲ್ಲಿ ಹೇರ್ ಡೈಯ ರಾಸಾಯನಿಕ ಬೆರೆತಿರುತ್ತದೆ.

ಐಬ್ರೋ ಥ್ರೆಡಿಂಗ್, ವ್ಯಾಕ್ಸಿಂಗ್, ಸರಳ ಫೇಶಿಯಲ್ ಸರಿ. ಗರ್ಭಿಣಿಯ ಚರ್ಮ ಬೇಗ ಕೆಂಪಾಗುತ್ತದೆ ಎಂಬುದು ನೆನಪಿರಲಿ. ಕ್ರೀಮಿನ ಡಬ್ಬಿಯನ್ನು ಕೇಳಿ, ಕೈಗೆ ತೆಗೆದುಕೊಂಡು ಓದಿ. ರೆಟಿನಾಲ್, ಟ್ರೆಟಿನಾಯಿನ್ ಅಥವಾ ಹೈಡ್ರೋಕ್ವಿನೋನ್ ಎಂದಿದ್ದರೆ ಬೇಡವೆನ್ನಿ; ಕೆಮಿಕಲ್ ಪೀಲ್ ಕೂಡ ಬೇಡ. ಪದಾರ್ಥಗಳ ವಿವರವೇ ಇಲ್ಲದ, ಬಿಡಿ ಡಬ್ಬಿಯಲ್ಲಿ ತುಂಬಿಟ್ಟ ಬಿಳುಪಿನ ಕ್ರೀಮಿನ ಬಗ್ಗೆ ನನಗೆ ಇನ್ನೂ ಹೆಚ್ಚಿನ ಅನುಮಾನ, ಅಂಥವುಗಳಲ್ಲಿ ಪಾದರಸ ಮತ್ತು ಸ್ಟಿರಾಯ್ಡ್ ಪತ್ತೆಯಾದದ್ದುಂಟು.

ಇನ್ನು ಮಸಾಜ್. ಮೃದುವಾದ ಮಸಾಜಿನಿಂದ ಗರ್ಭಪಾತವಾಗುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಮೊದಲ ತಿಂಗಳುಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣ. ಹಾಗಿದ್ದರೂ ಮೂರು ತಿಂಗಳು ತುಂಬುವವರೆಗೆ ಕೆಲವು ಕಡೆ ಮಸಾಜ್ ಮಾಡಲು ಒಪ್ಪುವುದಿಲ್ಲ, ಏನಾದರೂ ಆದರೆ ದೂರು ತಮ್ಮ ಮೇಲೆ ಬರುತ್ತದೆ ಎಂಬ ಅಂಜಿಕೆ ಅವರಿಗೆ. ಒಲ್ಲೆ ಎಂದ ಕಡೆ ವಾದಕ್ಕೆ ಇಳಿಯಬೇಡಿ. ಒಪ್ಪಿದ ಕಡೆ ತಲೆ, ಕುತ್ತಿಗೆ, ಭುಜ, ಕೈ ಮತ್ತು ಪಾದಗಳಿಗೆ ಹಗುರವಾಗಿ ಮಾಡಿಸಿ. ಹೊಟ್ಟೆಯನ್ನು ಮುಟ್ಟುವುದು ಬೇಡ, ಸೊಂಟದ ಮೇಲೆ ಒತ್ತುವುದೂ ಬೇಡ. ಮೀನಖಂಡವನ್ನು ಹಿಂಡಿ ತಿಕ್ಕಲು ಬಿಡಬೇಡಿ, ಏಕೆಂದರೆ ಗರ್ಭಿಣಿಯ ರಕ್ತ ಬೇಗ ಹೆಪ್ಪುಗಟ್ಟುತ್ತದೆ, ಕಾಲಿನ ನಾಳದಲ್ಲಿ ಕಟ್ಟಿದ ಹೆಪ್ಪು ಕಿತ್ತುಬಂದರೆ ಪ್ರಾಣಕ್ಕೇ ಸಂಚಕಾರ. ಒಂದೇ ಕಾಲು ಊದಿ ನೋಯುತ್ತಿದ್ದರೆ ಅದು ವೈದ್ಯರಿಗೆ ತೋರಿಸಬೇಕಾದ ಕಾಲು. ರಕ್ತಸ್ರಾವ ಕಾಣಿಸಿಕೊಂಡವರು, ಹಿಂದೆ ಗರ್ಭ ನಷ್ಟವಾದವರು ಮತ್ತು ಬಿಪಿ ಇರುವವರು ವೈದ್ಯರನ್ನು ಕೇಳದೆ ಮಸಾಜಿಗೆ ಹೋಗಬಾರದು. ಎಣ್ಣೆ ಸಾದಾ ಕೊಬ್ಬರಿ ಎಣ್ಣೆ ಅಥವಾ ಎಳ್ಳೆಣ್ಣೆಯಾಗಿರಲಿ. ಕರ್ಪೂರ ಬೆರೆಸಿದ ತೈಲ, ನೋವಿನ ಎಣ್ಣೆ, ಘಾಟು ವಾಸನೆಯ ಅರೋಮಾ ಎಣ್ಣೆಗಳನ್ನು ದೂರವಿಡಿ.

ಇಷ್ಟೆಲ್ಲ ಪಾಲಿಸಲು ಬಸುರಿಯೆಂದು ಅಲ್ಲಿ ಹೇಳಲೇಬೇಕು, ನಮ್ಮ ಕಡೆ ತೊಡಕಾಗುವುದು ಇಲ್ಲಿಯೇ. ಮೂರು ತಿಂಗಳು ತುಂಬದೆ ಹೊರಗೆ ಬಾಯಿಬಿಡಬಾರದು ಎಂದು ಹಿರಿಯರು ಹೇಳಿರುತ್ತಾರೆ, ಪಾರ್ಲರಿನ ಅಕ್ಕನಿಗೆ ನಿಮ್ಮ ಓಣಿಯ ಅರ್ಧ ಜನರ ಪರಿಚಯವಿರುತ್ತದೆ. ಹಿಂದಿನ ದಿನವೇ ಫೋನ್ ಮಾಡಿ, ಕೈಯಾರೆ ಕೆಲಸ ಮಾಡುವವರೊಂದಿಗೇ ಮಾತನಾಡಿ: "ನನಗೀಗ ಎರಡು ತಿಂಗಳು, ಸ್ಟೀಮ್ ಬೇಡ, ಹೊಟ್ಟೆ ಸೊಂಟ ಮುಟ್ಟುವುದು ಬೇಡ, ಇದು ನಿಮ್ಮಲ್ಲೇ ಇರಲಿ." ಪಾರ್ಲರಿನಲ್ಲಿ ಕೂದಲು, ಉಗುರಿನ ಕೆಲಸಕ್ಕಾದರೆ ಬಿಸಿ ಮತ್ತು ಘಾಟು ಬೇಡ ಎಂದು ಡಾಕ್ಟರ್ ಹೇಳಿದ್ದಾರೆ ಎಂದರೂ ಸಾಕು. ಮಸಾಜಿಗೆ ಮಾತ್ರ ನಿಜ ಹೇಳದೆ ಮಲಗಬೇಡಿ.

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಹೊರಟರೆ ದಾವಣಗೆರೆಯ ಬಿಸಿಲಿಗೆ ಮೈ ಮೊದಲೇ ಕಾದಿರುತ್ತದೆ. ಬೆಳಗಿನ ಹೊತ್ತನ್ನು ಕೇಳಿ ಪಡೆಯಿರಿ. ಹರಿಹರ, ಜಗಳೂರಿನ ಕಡೆಯಿಂದ ಬಸ್ಸಿನಲ್ಲಿ ಬಂದವರು ನೀರೋ ಮಜ್ಜಿಗೆಯೋ ಕುಡಿದು, ಸ್ವಲ್ಪ ಹೊತ್ತು ಕುಳಿತು ಸುಧಾರಿಸಿಕೊಳ್ಳಲಿ. ಖಾಲಿ ಹೊಟ್ಟೆಯಲ್ಲಿ ಹೋದರೆ ವಾಕರಿಕೆ ಹೆಚ್ಚುತ್ತದೆ. ಮಂಡಕ್ಕಿ ತಿಂದು ಹೋಗಬಹುದು, ಅದರ ಜೊತೆಗಿನ ಮಿರ್ಚಿ ತಿಂದು ಬೋರಲು ಮಲಗಿದವರಿಗೆ ಎದೆಯುರಿಯಿಂದ ಮುಕ್ತಿಯಿಲ್ಲ. ಮಲಗಿದಲ್ಲಿಂದ ಒಮ್ಮೆಗೇ ಏಳಬೇಡಿ. ಪಕ್ಕಕ್ಕೆ ಹೊರಳಿ, ಕುಳಿತು, ಆಮೇಲೆ ಎಣ್ಣೆಜಿಡ್ಡಿನ ನೆಲದ ಮೇಲೆ ಕಾಲೂರಿ. ಪೆಡಿಕ್ಯೂರಿನ ಟಬ್ಬನ್ನು ನಿಮ್ಮೆದುರೇ ತೊಳೆಸಿ, ಉಗುರು ಬೆಚ್ಚಗಿನ ನೀರು ಹಾಕಿಸಿ.

ಮನೆಯ ಎಣ್ಣೆಸ್ನಾನಕ್ಕೂ ಇದೇ ನಿಯಮ. ಚೊಂಬಿನಿಂದ ಹೊಯ್ದುಕೊಳ್ಳುವ ನೀರು ತೊಟ್ಟಿಯಲ್ಲಿ ಮುಳುಗಿ ಕೂತಷ್ಟು ಮೈಯನ್ನು ಕಾಯಿಸದಿದ್ದರೂ, ಹಬೆಯಾಡುವ ನೀರನ್ನು ಬೆನ್ನಿಗೆ ಹೊಯ್ಯಲು ಅತ್ತೆಯೋ ಅಮ್ಮನೋ ನಿಂತಾಗ ಮೊಣಕೈ ಅದ್ದಿ ನೋಡಿ ಬೆರಕೆ ಮಾಡಿಸಿ. ಗ್ಯಾಸ್ ಗೀಸರ್ ಇರುವ ಬಚ್ಚಲಿನಲ್ಲಿ ಕಿಟಕಿ ತೆರೆದಿರಲಿ.

ಸ್ಪಾದಲ್ಲಿರುವಾಗ ತಲೆ ಸುತ್ತು, ಎದೆಬಡಿತ ಅಥವಾ ಉಸಿರುಗಟ್ಟಿದಂತಾದರೆ ನಡುವೆಯೇ ನಿಲ್ಲಿಸಿ, ಗಾಳಿಯಾಡುವ ಕಡೆ ಎಡಮಗ್ಗುಲಿಗೆ ಮಲಗಿ ನೀರು ಕುಡಿಯಿರಿ. ರಕ್ತ ಕಾಣಿಸಿದರೆ, ಕಿಬ್ಬೊಟ್ಟೆ ಬಿಡದೆ ನೋಯುತ್ತಿದ್ದರೆ ಅಥವಾ ಹೊಟ್ಟೆಯ ಒಂದೇ ಬದಿಯ ನೋವಿನೊಂದಿಗೆ ಭುಜದ ತುದಿಯೂ ನೋಯಲಾರಂಭಿಸಿದರೆ ಗರ್ಭವು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿರುವ ಸಾಧ್ಯತೆಯಿರುವುದರಿಂದ, ಮನೆಗೆ ಹೋಗಿ ನೋಡೋಣ ಎನ್ನದೆ 108ಕ್ಕೆ ಕರೆ ಮಾಡಿ ಅಥವಾ ಅಲ್ಲಿಂದಲೇ ಆಟೋ ಹಿಡಿದು ಹೆರಿಗೆ ವಿಭಾಗವಿರುವ ಆಸ್ಪತ್ರೆಗೆ ಹೋಗಿ. ತಾಯಿ ಕಾರ್ಡ್ ಮಾಡಿಸಿದ್ದರೆ ಅದು ಕೈಚೀಲದಲ್ಲೇ ಇರಲಿ.