ಗುಜರಿ ಕಾರಿನ ಸೂಪರ್‌ಚಾರ್ಜರ್ ಎಂಜಿನ್: ನಿಮ್ಮ ಕಾರಿಗೆ ಕೂರಿಸುವುದು ಹೇಗೆ?

ಪುಣೆಗೆ ಬಂದ ಹೊಸತರಲ್ಲಿ ಕೈಗಾಡಿಯವನೊಬ್ಬ ಬೆಳಿಗ್ಗೆ ಬೆಳಿಗ್ಗೆ ‘ಭಂಗಾರ್... ಭಂಗಾರ್...’ ಎಂದು ಕೂಗಿದ್ದು ಕೇಳಿ ಕಿಟಕಿಗೆ ಓಡಿದ್ದೆ. ಚಿನ್ನವನ್ನು ಗಾಡಿಯಲ್ಲಿ ಮಾರ್ತಾರಾ ಅಂತ! ಮರಾಠಿಯಲ್ಲಿ ಭಂಗಾರ ಅಂದರೆ ಗುಜರಿ. ಆದರೆ ಅಪಘಾತವಾದ ಕಾರಿನ ಬಾನೆಟ್ ಕೆಳಗೆ ಒಳ್ಳೆಯ ಎಂಜಿನ್ ಉಳಿದಿದ್ದರೆ ಅದು ನಮ್ಮ ಬಂಗಾರವೇ.

ಇಲ್ಲಿ ಹೇಳುತ್ತಿರುವುದು ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಯಂತ್ರ, ಇರುವ ಎಂಜಿನ್ ಬಗ್ಗೆ. ಅದೇ ಕೆಲಸ ಮಾಡುವ ಟರ್ಬೊ ತಿರುಗುವುದು ಎಂಜಿನ್ ಬಿಡುವ ಹೊಗೆಯ ಬಲದಿಂದ. ಸೂಪರ್‌ಚಾರ್ಜರ್ ತಿರುಗುವುದು ಎಂಜಿನ್ನಿನದೇ ಬೆಲ್ಟ್‌ನಿಂದ. ಅದಕ್ಕೇ ಆಕ್ಸಿಲರೇಟರ್ ಮೇಲೆ ಕಾಲಿಟ್ಟ ಕೂಡಲೇ ಎಳೆತ ಸಿಗುತ್ತದೆ. ನಮ್ಮ ಕಡೆ ಜಾಸ್ತಿ ಕಾಣುವುದು ಮರ್ಸಿಡಿಸ್ ಸಿ 200 ಕೊಂಪ್ರೆಸರ್. ಆ ಜರ್ಮನ್ ಪದದ ಅರ್ಥವೇ ಸೂಪರ್‌ಚಾರ್ಜರ್. 1,796 ಸಿಸಿ, ಹಳೆಯ ಮಾದರಿಯಲ್ಲಿ 163 ಅಶ್ವಶಕ್ತಿ. ಮರ್ಸಿಡಿಸ್ ಕಾರುಗಳು ಮೊದಲು ಪಿಂಪ್ರಿಯಲ್ಲಿ, 2009ರಿಂದ ಚಾಕಣದಲ್ಲಿ ತಯಾರಾಗುತ್ತಿವೆ. ಹಾಗಾಗಿ ಪುಣೆಗೆ ಇದು ಊರಿನ ಕಾರೇ ಅನ್ನಬೇಕು. ಎಂಜಿನ್ ಕೆಟ್ಟ ಒಂದು ಕೊಂಪ್ರೆಸರ್, ಗುದ್ದಿಸಿಕೊಂಡ ಇನ್ನೊಂದು ಕೊಂಪ್ರೆಸರ್ ಇವೆ ಅಂದುಕೊಳ್ಳಿ. ಎರಡರಿಂದ ಒಂದು ಮಾಡಬೇಕು.

ಪಾನಾ ಹಿಡಿಯುವ ಮೊದಲು

ಅದೇ ಕಂಪನಿಯ, ಅದೇ ಮಾದರಿಯ ಎಂಜಿನ್ ಮಾತ್ರ ಹಾಕಿ. ಹಳೆ ಕಾಂಟೆಸ್ಸಾ ಕಾರಿಗೆ ಕೊಂಪ್ರೆಸರ್ ಎಂಜಿನ್ ಕೂರಿಸುವ ಆಸೆ ನನಗೂ ಇದೆ. ಆದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಬದಲಾವಣೆ ಸಲ್ಲದು ಎಂದು ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಹೇಳಿದೆ. ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಮಾತಾಡಿ. ಎಂಜಿನ್ ಬದಲಾದ ಮೇಲೆ 14 ದಿನದೊಳಗೆ ಆರ್‌ಸಿ ಸಮೇತ ತಿಳಿಸಿ, ಹೊಸ ಎಂಜಿನ್ ನಂಬರ್ ಬರೆಸಿಕೊಳ್ಳಬೇಕು. ವಿಮೆಯವರಿಗೂ ಹೇಳಿ.

ಎಂಜಿನ್ ನಂಬರ್ ಉಜ್ಜಿದಂತಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ. ಬೆಲೆ ಎಷ್ಟೇ ಕಡಿಮೆ ಇರಲಿ. ಮಾರುವವರಿಂದ ಬಿಲ್ಲು, ಹಳೆ ಆರ್‌ಸಿಯ ಪ್ರತಿ ಎರಡೂ ಬೇಕು.

ಎಂಜಿನ್ ಆರಿಸುವುದು

ಭೋಸರಿಯಲ್ಲಿ ಕೆಲಸ ಮಾಡುವ ವಿಜಯಪುರದ ಮಿಸ್ತ್ರಿಯೊಬ್ಬರು ಹೇಳುವ ಮಾತು: “ಸರ, ಎಂಜಿನ್ ಎತ್ತೂದು ಒಂದಿನದ ಕೆಲಸ, ಆರಸೂದು ತಿಂಗಳ ಕೆಲಸ.” ಹಳೆ ಬಿಡಿಭಾಗ ಸಿಗುವ ಪುಣೆಯ ನಾನಾ ಪೇಠೆ ಸುತ್ತಿ, ಮುಂಬೈನ ಕುರ್ಲಾದ ಸಿಎಸ್‌ಟಿ ರಸ್ತೆಗೂ ಹೋಗಿ ಬರಿಗೈಲಿ ಬಂದವರಿಗೆ ಇದು ಅರ್ಥವಾಗುತ್ತದೆ.

ಹಿಂದಿನಿಂದ ಗುದ್ದಿಸಿಕೊಂಡ ಕಾರು ಸಿಕ್ಕರೆ ಅದೃಷ್ಟ. ಮುಂದಿನಿಂದ ಗುದ್ದಿದ್ದರೆ ರೇಡಿಯೇಟರ್ ಎಷ್ಟು ಹಿಂದೆ ಸರಿದಿದೆ ನೋಡಿ. ಅದು ಎಂಜಿನ್ ಮುಂದಿನ ಪುಲ್ಲಿಗೆ ತಾಗಿದ್ದರೆ ಅದರ ಹಿಂದಿನ ಕ್ರ್ಯಾಂಕ್ ತುದಿಗೂ ಏಟು ಬಿದ್ದಿರಬಹುದು. ಆಯಿಲ್ ಚೇಂಬರ್ ಒಡೆದಿದ್ದರೆ, ಆಮೇಲೂ ಎಂಜಿನ್ ಓಡುತ್ತಿತ್ತಾ ಅನ್ನುವುದೇ ಪ್ರಶ್ನೆ. ಉತ್ತರ ಕೊಡುವವರು ಯಾರೂ ಸಿಗುವುದಿಲ್ಲ. ಅಂಥದ್ದು ಬೇಡ.

ನೆರೆಯಲ್ಲಿ ಮುಳುಗಿದ ಕಾರಂತೂ ಬೇಡವೇ ಬೇಡ. 2005ರ ಜುಲೈ 26ರಂದು ಮುಂಬೈನ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅಂಥ ಮಳೆಯಲ್ಲಿ ಎಂಜಿನ್ ನೀರು ಕುಡಿದರೆ ಕತೆ ಮುಗಿಯಿತು. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಪಿಸ್ಟನ್ ಮೇಲೇರುವಾಗ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ.

ನಾಲ್ಕೂ ಸ್ಪಾರ್ಕ್ ಪ್ಲಗ್ ಬಿಚ್ಚಿ, ಗಾಳಿ ಬಿಡುವ ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ಅಳೆಯಿರಿ. ಅಂಕಿ ಎಷ್ಟು ಅನ್ನುವುದಕ್ಕಿಂತ ನಾಲ್ಕೂ ಹತ್ತಿರ ಹತ್ತಿರ ಇವೆಯಾ ಅನ್ನುವುದು ಮುಖ್ಯ. ಒಂದು ಉಳಿದವಕ್ಕಿಂತ ಶೇ 15ಕ್ಕೂ ಹೆಚ್ಚು ಕಡಿಮೆ ಇದ್ದರೆ ಬಿಟ್ಟುಬಿಡಿ. ಬೆಲ್ಟ್ ತೆಗೆದು ಸೂಪರ್‌ಚಾರ್ಜರ್ ಪುಲ್ಲಿಯನ್ನು ಕೈಯಲ್ಲೇ ತಿರುಗಿಸಿ. ಮೆತ್ತಗೆ ತಿರುಗಬೇಕು. ಕರಕರ ಅಂದರೆ, ಅತ್ತಿತ್ತ ಅಲ್ಲಾಡಿದರೆ ಬೇರಿಂಗ್ ಹೋಗಿದೆ. ಒಳಗಿನ ಎರಡು ರೋಟರ್‌ಗಳು ಒಂದಕ್ಕೊಂದು ತಾಗದೆ ಕೂದಲೆಳೆಯ ಅಂತರದಲ್ಲಿ ಸುತ್ತುತ್ತವೆ. ಗೆರೆ ಬಿದ್ದಿದ್ದರೆ ಆ ಲೋಹದ ಪುಡಿ ಎಂಜಿನ್ ಹೊಟ್ಟೆ ಸೇರಿರುತ್ತದೆ.

ಈ ಎಂಜಿನ್ನಿಗೆ ಇನ್ನೊಂದು ಪರೀಕ್ಷೆ ಇದೆ. ವಾಲ್ವ್‌ಗಳನ್ನು ತೆರೆಯುವ ದಂಡದ, ಅಂದರೆ ಕ್ಯಾಮ್‌ಶಾಫ್ಟ್‌ನ ಮ್ಯಾಗ್ನೆಟ್‌ನ ವೈರಿನ ಪ್ಲಗ್ ಬಿಚ್ಚಿ ನೋಡಿ. ಒಳಗೆ ಆಯಿಲ್ ಇದ್ದರೆ, ಅದು ವೈರಿನೊಳಗೇ ಹರಿದು ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್‌ವರೆಗೂ ಹೋಗಿರಬಹುದು.

ಬಿಚ್ಚುವುದು

ಎರಡೂ ಕಾರಿನಲ್ಲಿ ಬ್ಯಾಟರಿ ವೈರು ತೆಗೆಯಿರಿ. ಪೆಟ್ರೋಲ್ ಲೈನಿನ ಒತ್ತಡ ಇಳಿಸಿ. ಕೂಲೆಂಟ್ ಖಾಲಿ ಮಾಡಿ. ಎಸಿ ಪೈಪ್ ಬಿಚ್ಚಲೇಬೇಡಿ. ಎಸಿ ಕಂಪ್ರೆಸರನ್ನು ಹಾಗೇ ಪಕ್ಕಕ್ಕೆ ತಂತಿಯಲ್ಲಿ ಕಟ್ಟಿ ನೇತುಹಾಕಿ, ಗ್ಯಾಸ್ ಉಳಿಯುತ್ತದೆ. ವೈರಿನ ಪ್ರತಿ ಪ್ಲಗ್ಗಿಗೂ ಟೇಪ್ ಅಂಟಿಸಿ ನಂಬರ್ ಬರೆಯಿರಿ, ಫೋಟೊ ತೆಗೆಯಿರಿ. ಬೋಲ್ಟ್ ಹಾಕಿಡಲು ಖಾಲಿ ಶ್ರೀಖಂಡದ ಡಬ್ಬಿಗಿಂತ ಒಳ್ಳೆಯದಿಲ್ಲ. ಪುಣೆಯ ಯಾವ ಮನೆಯಲ್ಲಿ ಅದಿಲ್ಲ ಹೇಳಿ! ಆಮೇಲೆ ಚೈನ್ ಪುಲ್ಲಿ ಹಾಕಿ ಎತ್ತುವುದು. ತೂಗುತ್ತಿರುವ ಎಂಜಿನ್ ಕೆಳಗೆ ಕೈಯೂ ಬೇಡ, ಕಾಲೂ ಬೇಡ.

ನಿಮ್ಮ ಕಾರಿನ ಕಂಪ್ಯೂಟರನ್ನು ಮಾತ್ರ ಬದಲಿಸಬೇಡಿ. ಅದಕ್ಕೂ ನಿಮ್ಮ ಕೀಲಿಗೂ ನಂಟಿದೆ. ಗುಜರಿ ಕಾರಿನ ಕಂಪ್ಯೂಟರ್ ನಿಮ್ಮ ಕೀಲಿಯನ್ನು ಒಪ್ಪುವುದಿಲ್ಲ, ಗಾಡಿ ಸ್ಟಾರ್ಟೇ ಆಗದು. ವೈರಿಂಗ್ ಕೂಡ ಚೆನ್ನಾಗಿದ್ದರೆ ನಿಮ್ಮದೇ ಇರಲಿ.

ಹೊರಗಿರುವಾಗಲೇ

ಟೈಮಿಂಗ್ ಚೈನ್ ಹಿಗ್ಗುವುದು, ಕ್ಯಾಮ್‌ಶಾಫ್ಟ್ ಅಡ್ಜಸ್ಟರ್‌ನ ಹಲ್ಲು ಸವೆಯುವುದು ಈ ಎಂಜಿನ್ನಿನ ಗೊತ್ತಿರುವ ಕಾಯಿಲೆ. ಈಗಲೇ ಹೊಸದು ಹಾಕಿ. ಗೇರ್‌ಬಾಕ್ಸ್ ಕಡೆಯ ಆಯಿಲ್ ಸೀಲ್, ವಾಟರ್ ಪಂಪ್, ಥರ್ಮೋಸ್ಟಾಟ್, ಒಣಗಿ ಬಿರಿದ ರಬ್ಬರ್ ಪೈಪುಗಳನ್ನೂ ಬದಲಿಸಿ. ಸೂಪರ್‌ಚಾರ್ಜರ್‌ನ ಗೇರಿಗೆ ಅದರದೇ ಬೇರೆ ಆಯಿಲ್ ಇರುತ್ತದೆ, ತುಂಬಾ ಜನಕ್ಕೆ ಇದು ಗೊತ್ತಿಲ್ಲ. ಒತ್ತಿದ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ತೊಳೆದು ಒಣಗಿಸಿ.

ಗಾಳಿ ಹೋಗುವ ಬಾಯಿಗಳಿಗೆಲ್ಲ ಬಟ್ಟೆ ತುರುಕಿಡಿ. ಎಷ್ಟು ತುಂಡು ಅಂತ ಬರೆದಿಡಿ. ನಾವು ಒಮ್ಮೆ ಬರೆದಿಡಲಿಲ್ಲ. ಎಂಜಿನ್ ಕೂತಿತು, ಸ್ಟಾರ್ಟೂ ಆಯಿತು, ಆದರೆ ದಮ್ಮೇ ಇಲ್ಲ. ಎರಡು ದಿನ ಸೆನ್ಸರ್‌ಗಳನ್ನು ಬೈದೆವು. ಕೊನೆಗೆ ಇಂಟರ್‌ಕೂಲರ್ ಪೈಪಿನಿಂದ ಹಳೆ ಬನಿಯನ್ ತುಂಡು ಹೊರಬಂತು. ನನ್ನದೇ ಬನಿಯನ್.

ಕೂರಿಸುವುದು

ಆಟೊಮ್ಯಾಟಿಕ್ ಗಾಡಿಯಾದರೆ ಎಂಜಿನ್ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಗೇರ್‌ಬಾಕ್ಸ್ ಒಳಗೆ ಪೂರ್ತಿ ಕೂತಿರಬೇಕು. ತಿರುಗಿಸುತ್ತಾ ಒತ್ತಿದರೆ ‘ಟಕ್’ ಎಂದು ಒಳಗೆ ಜಾರುತ್ತದೆ. ಹಾಗಾಗದೆ ಬೋಲ್ಟ್ ಬಿಗಿದು ಎಳೆದರೆ ಗೇರ್‌ಬಾಕ್ಸಿನ ಪಂಪ್ ಒಡೆಯುತ್ತದೆ. ಎಂಜಿನ್ನೂ ಗೇರ್‌ಬಾಕ್ಸೂ ಕೈಬಲದಲ್ಲೇ ಒಂದಕ್ಕೊಂದು ಅಂಟಬೇಕು. ಮೌಂಟ್ ಬೋಲ್ಟ್‌ಗಳನ್ನು ಮೊದಲು ಸಡಿಲ ಬಿಟ್ಟು, ಎಲ್ಲ ಸರಿ ಕೂತ ಮೇಲೆ ಬಿಗಿಯಿರಿ. ಅರ್ತಿಂಗ್ ಪಟ್ಟಿ ಮರೆಯಬೇಡಿ.

ಮೊದಲ ಸ್ಟಾರ್ಟ್

ಹೊಸ ಆಯಿಲ್, ಫಿಲ್ಟರ್, ಕೂಲೆಂಟ್ ಹಾಕಿ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು ಹತ್ತತ್ತು ಸೆಕೆಂಡ್ ಸುಮ್ನೆ ಸೆಲ್ಫ್ ಹೊಡೆಯಿರಿ, ಆಯಿಲ್ ಎಲ್ಲ ಕಡೆ ಏರಲಿ. ನಡುವೆ ಸ್ಟಾರ್ಟರ್‌ಗೆ ವಿಶ್ರಾಂತಿ ಕೊಡಿ. ಫ್ಯೂಸ್ ಹಾಕಿದ ಮೇಲೆ ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವ ಹಾಗಿರಲಿ. ಸ್ಟಾರ್ಟ್ ಆದ ಕೂಡಲೇ ರೇಸ್ ಮಾಡಬೇಡಿ, ಪಕ್ಕದ ಗ್ಯಾರೇಜಿನವರು ಎಷ್ಟೇ ಹುರಿದುಂಬಿಸಲಿ. ಪೆಟ್ರೋಲ್ ಸೋರಿಕೆ ನೋಡಿ, ಕಂಪ್ಯೂಟರಿನ ದೋಷ ಓದುವ ಸ್ಕ್ಯಾನರ್ ಹಚ್ಚಿ. ಎಲ್ಲೋ ‘ಸ್‌ಸ್’ ಎಂದು ಗಾಳಿ ಸೋರುತ್ತಿದ್ದರೆ ಕ್ಲಾಂಪ್ ಸಡಿಲ ಇದೆ ಅಂತ ಅರ್ಥ.

ಮೊದಲ 500 ಕಿಲೋಮೀಟರ್ ಮೆತ್ತಗೆ ಓಡಿಸಿ, ಖಂಡಾಲಾ ಘಾಟ್‌ನ ಏರು ದಾರಿ ಕಡೆ ಹೋಗಬೇಡಿ. ಆಮೇಲೆ ಆಯಿಲ್ ಬದಲಿಸಿ. ತೆಗೆದ ಫಿಲ್ಟರ್ ಎಸೆಯದೆ ಅದರ ಕಾಗದ ಕತ್ತರಿಸಿ, ಬಿಸಿಲಿಗೆ ಹಿಡಿದು ಮಡಿಕೆಗಳ ನಡುವೆ ನೋಡಿ. ಬರೀ ಕಪ್ಪು ಆಯಿಲ್ ಇದ್ದರೆ ಸರಿ. ಮಿನುಗುವ ಚೂರು ಕಂಡರೆ ಗಾಡಿ ನಿಲ್ಲಿಸಿ ಮಿಸ್ತ್ರಿಗೆ ಫೋನ್ ಮಾಡಿ.