ಕೊಲೆಸ್ಟ್ರಾಲ್ ಜಾಸ್ತಿ ಇರುವವರ ಜೊತೆ ಮಾತನಾಡುವುದು ಹೇಗೆ?

"ಎಣ್ಣೆ ಬಿಡಿ, ಬೆಣ್ಣೆ ಬಿಡಿ, ದಿನಾ ವಾಕಿಂಗ್ ಮಾಡಿ." ರಿಪೋರ್ಟ್ ಕೈಗೆ ಬಂದ ಕೂಡಲೇ ನಮ್ಮಂಥ ಫ್ಯಾಮಿಲಿ ಡಾಕ್ಟರುಗಳ ಬಾಯಿಗೆ ಬರುವ ಮಾತು ಇದೇ. ಎದುರು ಕೂತವರು "ಆಯ್ತು ಡಾಕ್ಟ್ರೇ" ಅಂದು ಹೋಗುತ್ತಾರೆ. ಮೂರು ತಿಂಗಳು ಬಿಟ್ಟು ಬಂದಾಗ 'ಕೆಟ್ಟ ಕೊಲೆಸ್ಟ್ರಾಲ್' ಅಂತ ಕರೆಯುವ ಎಲ್‌ಡಿಎಲ್ ಹಾಗೇ ಇರುತ್ತದೆ. ಆಗ ನಾವು ಅದೇ ಮಾತನ್ನು ಸ್ವಲ್ಪ ಜೋರಾಗಿ ಹೇಳುತ್ತೇವೆ. ನಾನೂ ದಾವಣಗೆರೆಯಲ್ಲಿ ಬಹಳ ವರ್ಷ ಹೀಗೇ ಮಾಡಿದೆ.

ಕೊಲೆಸ್ಟ್ರಾಲ್ ನೋಯುವುದಿಲ್ಲ, ಕಷ್ಟ ಇರುವುದೇ ಅಲ್ಲಿ. ಹಲ್ಲು ನೋವಾದರೆ ಜನ ರಾತ್ರಿಯೇ ಓಡಿ ಬರುತ್ತಾರೆ. ರಕ್ತನಾಳದ ಒಳಗೆ ವರ್ಷಗಟ್ಟಲೆ ಕೊಬ್ಬು ಕಟ್ಟುತ್ತಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ಮೈಯಲ್ಲಿ ಏನೂ ಇಲ್ಲದಿರುವಾಗ ದಿನಾ ಗುಳಿಗೆ, ದಿನಾ ಪಥ್ಯ ಯಾಕೆ ಅಂತ ಅನ್ನಿಸುವುದು ಸಹಜ ಅಲ್ವಾ? ಹೆದರಿಸಿದರೆ ಆ ಹೆದರಿಕೆ ಎಂಟು ದಿನ ಇರುತ್ತದೆ.

ಇದಕ್ಕೆ ಬೇರೆ ಒಂದು ದಾರಿ ಇದೆ. ಹೆಸರು ಮೋಟಿವೇಷನಲ್ ಇಂಟರ್‌ವ್ಯೂಯಿಂಗ್. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಮಿಲ್ಲರ್ ಕುಡಿತ ಬಿಡಿಸುವ ಕೆಲಸದಲ್ಲಿ ಕಂಡದ್ದನ್ನು 1983ರಲ್ಲಿ ಬರೆದರು. ಆಮೇಲೆ ಸ್ಟೀಫನ್ ರೋಲ್ನಿಕ್ ಜೊತೆ ಸೇರಿ ಅದನ್ನು ಬೆಳೆಸಿದರು. "ನೀನು ಬದಲಾಗು" ಅಂದರೆ ಮನುಷ್ಯ ಎದುರು ವಾದ ಹುಡುಕುತ್ತಾನೆ. ಬದಲಾಗಲು ಕಾರಣ ಅವನ ಬಾಯಿಂದಲೇ ಬಂದರೆ ಅದು ಅವನಲ್ಲಿ ನಿಲ್ಲುತ್ತದೆ. ಹಾಗಾಗಿ ಡಾಕ್ಟರ ಕೆಲಸ ಆ ಮಾತು ಹೊರಗೆ ಬರುವಂತೆ ಕೇಳುವುದು. ಇದಕ್ಕೆ ಗಂಟೆಗಟ್ಟಲೆ ಬೇಕಿಲ್ಲ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರೂ ಏಳೆಂಟು ನಿಮಿಷದಲ್ಲಿ ಆಗುತ್ತದೆ. ಉಳಿದದ್ದನ್ನು ಮುಂದಿನ ಸಲಕ್ಕೆ ಇಟ್ಟುಕೊಳ್ಳಬಹುದು.

ಮೊದಲು ಕೇಳಿ, ಆಮೇಲೆ ಹೇಳಿ

"ಎಣ್ಣೆ ಪದಾರ್ಥ ತಿಂತೀರಾ?" ಅಂತ ಕೇಳಿದರೆ "ಇಲ್ಲ" ಅನ್ನುವ ಉತ್ತರ ಸಿಗುತ್ತದೆ, ಮಾತು ಅಲ್ಲಿಗೆ ಮುಗಿಯುತ್ತದೆ. "ಈ ರಿಪೋರ್ಟ್ ನೋಡಿ ನಿಮಗೇನು ಅನ್ನಿಸ್ತು?" ಅಂತ ಕೇಳಿ ಸುಮ್ನೆ ಕಾಯಿರಿ. ಹೇಳಲೇಬೇಕಾದ ವಿಷಯ ಇದ್ದರೆ "ಒಂದು ಮಾತು ಹೇಳಲಾ?" ಅಂತ ಒಪ್ಪಿಗೆ ಕೇಳಿ ಚಿಕ್ಕದಾಗಿ ಹೇಳಿ. "ಇದರಲ್ಲಿ ನಿಮಗೆ ಹೊಸದು ಅನ್ನಿಸಿದ್ದು ಏನು?" ಅಂತ ತಿರುಗಿ ಕೇಳಿ.

ಉದಾಹರಣೆಗೆ ಎಣ್ಣೆ ಪ್ಯಾಕೆಟ್ಟಿನ ಮೇಲಿನ 'ಕೊಲೆಸ್ಟ್ರಾಲ್ ಇಲ್ಲ' ಅನ್ನುವ ಬರಹವನ್ನು ಬಹಳ ಜನ ನಂಬಿದ್ದಾರೆ. ಗಿಡದಿಂದ ಬರುವ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಇಲ್ಲವೆನ್ನುವಷ್ಟೇ ಕಡಿಮೆ. ಅದು ಇರುವುದು ಬೆಣ್ಣೆ, ತುಪ್ಪ, ಮೊಟ್ಟೆ, ಮಾಂಸದಲ್ಲಿ. ಆದರೆ ಪಾಮ್ ಎಣ್ಣೆಯ ಅರ್ಧದಷ್ಟು ಸ್ಯಾಚುರೇಟೆಡ್ ಕೊಬ್ಬು. ಅದು ಹೊಟ್ಟೆಗೆ ಜಾಸ್ತಿ ಹೋದರೆ ರಕ್ತದಲ್ಲಿ ಎಲ್‌ಡಿಎಲ್ ಏರುತ್ತದೆ. ಇಷ್ಟು ಹೇಳಿದರೆ ಸಾಕು, ಪಾಠ ಮಾಡಬೇಡಿ.

ಕೇಳಿದ್ದನ್ನು ತಿರುಗಿ ಹೇಳಿ

ಕಲಿಯಲು ಜಾಸ್ತಿ ದಿನ ಬೇಕಾಗುವುದು ಇದಕ್ಕೆ. ನಮ್ಮೂರಿನ ಒಬ್ಬ ಬಟ್ಟೆ ಅಂಗಡಿಯವರ ಉದಾಹರಣೆ ಕೊಡುತ್ತೇನೆ. ವಯಸ್ಸು 52, ಎಲ್‌ಡಿಎಲ್ 168, ಜೊತೆಗೆ ಬಿಪಿ. ರಿಪೋರ್ಟನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿನಲ್ಲಿ ಇಟ್ಟುಕೊಂಡು ಬಂದಿದ್ದರು. ಅದರ ಹಿಂದೆ ಅರ್ಧ ಮುಗಿದ ಗುಳಿಗೆ ಶೀಟು.

"ಬೆಣ್ಣೆ ದೋಸೆ ಬಿಡು ಅಂದ್ರೆ ಆಗಲ್ಲ ಡಾಕ್ಟ್ರೇ. ಅಂಗಡಿ ತೆಗೆಯೋಕೆ ಮುಂಚೆ ನಾವು ನಾಲ್ಕು ಜನ ದಿನಾ ಅಲ್ಲೇ ಸೇರೋದು."

"ದೋಸೆಗಿಂತ ಆ ನಾಲ್ಕು ಜನ ಸೇರೋದು ಮುಖ್ಯ ನಿಮಗೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹೌದು ನೋಡ್ರಿ. ಅದರಲ್ಲಿ ಒಬ್ಬರಿಗೆ ಹೋದ ವರ್ಷ ಸ್ಟೆಂಟ್ ಹಾಕಿದ್ರು. ಈಗ ಬರೀ ಟೀ ಕುಡಿದು ಕೂತ್ಕೋತಾರೆ" ಅಂದರು.

"ಅವರನ್ನ ನೋಡಿದಾಗ ಏನನ್ನಿಸುತ್ತೆ ಸಾವ್ಕಾರ್ರೇ?"

"ಮಗಳ ಮದುವೆ ಇನ್ನೂ ಆಗಿಲ್ಲ ಡಾಕ್ಟ್ರೇ."

ಹಾರ್ಟ್ ಅಟ್ಯಾಕ್ ಅನ್ನುವ ಮಾತನ್ನು ನಾನು ಎತ್ತಿರಲೇ ಇಲ್ಲ. ನನ್ನ ಮಾತು ಪ್ರಶ್ನೆ ಆಗಿರಲಿಲ್ಲ, ಬುದ್ಧಿವಾದವೂ ಆಗಿರಲಿಲ್ಲ. ಅವರು ಹೇಳಿದ್ದರ ಒಳಗೆ ಇದ್ದದ್ದನ್ನು ಅವರ ಮುಂದೆ ಇಟ್ಟೆ, ಅಷ್ಟೆ. ನೀವು ತಪ್ಪಾಗಿ ತಿಳಿದಿದ್ದರೆ ಅವರೇ ತಿದ್ದುತ್ತಾರೆ, ಅದರಿಂದಲೂ ಲಾಭವೇ.

ಸೊನ್ನೆಯಿಂದ ಹತ್ತು

ಈಗ ಒಂದು ಅಳತೆ. "ಗುಳಿಗೆ ತಪ್ಪದೆ ತಗೊಳ್ಳೋದು ನಿಮಗೆ ಎಷ್ಟು ಮುಖ್ಯ ಅನ್ನಿಸುತ್ತೆ? ಸೊನ್ನೆಯಿಂದ ಹತ್ತರೊಳಗೆ ಹೇಳಿ." ಅವರು ನಾಲ್ಕು ಅಂದರು. "ಯಾಕೆ ಹತ್ತಲ್ಲ?" ಅಂತ ಕೇಳುವ ಆಸೆ ಆಗುತ್ತದೆ, ದಯವಿಟ್ಟು ಕೇಳಬೇಡಿ. ಕೇಳಿದರೆ ನೆವಗಳ ಪಟ್ಟಿ ಬರುತ್ತದೆ, ಅವರು ಹೇಳಿದಷ್ಟೂ ಆ ನೆವಗಳು ಗಟ್ಟಿಯಾಗುತ್ತವೆ. ಉಲ್ಟಾ ಕೇಳಿ: "ಒಂದೋ ಎರಡೋ ಅನ್ನದೆ ನಾಲ್ಕು ಅಂದ್ರಲ್ಲ, ಯಾಕೆ?" ಇದಕ್ಕೆ ಉತ್ತರ ಹೇಳಬೇಕಾದರೆ ಗುಳಿಗೆ ಯಾಕೆ ಬೇಕು ಅಂತ ಅವರೇ ಯೋಚನೆ ಮಾಡಬೇಕು.

ಆಮೇಲೆ ಇನ್ನೊಂದು ಪ್ರಶ್ನೆ: "ಮಾಡಬಲ್ಲೆ ಅನ್ನೋ ಧೈರ್ಯ ಎಷ್ಟಿದೆ?" ಮುಖ್ಯ ಅಂತ ಅನ್ನಿಸದವರಿಗೂ, ಮುಖ್ಯ ಅಂತ ಗೊತ್ತಿದ್ದು ಧೈರ್ಯ ಸಾಲದವರಿಗೂ ಒಂದೇ ಮಾತು ಹೇಳಿ ಫಲವಿಲ್ಲ.

ಬಿಟ್ಟ ಗುಳಿಗೆಯ ಲೆಕ್ಕವನ್ನು ಪೊಲೀಸರಂತೆ ಕೇಳಬೇಡಿ. "ಎಲ್ಲರಿಗೂ ಒಂದೊಂದು ದಿನ ಬಿಟ್ಟು ಹೋಗುತ್ತೆ. ನಿಮಗೆ ಈ ತಿಂಗಳು ಎಷ್ಟು ದಿನ ಹೋಯ್ತು?" ಅಂದರೆ ನಿಜ ಹೇಳುತ್ತಾರೆ. "ಒಮ್ಮೆ ಶುರು ಮಾಡಿದ್ರೆ ಸಾಯೋತನಕ ಬಿಡೋಕಾಗಲ್ಲ ಅಂತಾರೆ" ಅನ್ನುವ ಭಯವೂ ಆಗಲೇ ಹೊರಗೆ ಬರುತ್ತದೆ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಗುಳಿಗೆಯಿಂದ ಮೈಕೈ ನೋವು ಅಂದರೆ ತಳ್ಳಿಹಾಕದೆ ಪರೀಕ್ಷೆ ಮಾಡಿ. ಡೋಸ್ ಇಳಿಸಬಹುದು, ಬೇರೆ ಗುಳಿಗೆ ಕೊಡಬಹುದು. ತಾವಾಗಿಯೇ ನಿಲ್ಲಿಸದೆ ಬಂದು ಹೇಳಲಿ ಅನ್ನುವುದೇ ನಮಗೆ ಬೇಕಾದದ್ದು.

ಮನೆಯವರು ಪಕ್ಕದಲ್ಲಿ ಕೂತು "ನಾನು ಎಷ್ಟು ಹೇಳಿದ್ರೂ ಕೇಳಲ್ಲ ಡಾಕ್ಟ್ರೇ" ಅಂದರೆ, "ಅವರು ಯಾವುದನ್ನ ಚೆನ್ನಾಗಿ ಪಾಲಿಸ್ತಾರೆ?" ಅಂತ ಕೇಳಿ ನೋಡಿ. ಅಡುಗೆಮನೆ ಅವರ ಕೈಯಲ್ಲೇ ಇರುವುದರಿಂದ ಅವರನ್ನು ಬಿಟ್ಟು ಯಾವ ಪಥ್ಯವೂ ನಡೆಯುವುದಿಲ್ಲ.

ಚೀಟಿಯಲ್ಲಿ ಅವರ ಮಾತೇ ಇರಲಿ

ಕೊನೆಗೆ ಕೇಳಿದ್ದನ್ನೆಲ್ಲ ಎರಡು ಮಾತಿನಲ್ಲಿ ಒಟ್ಟು ಮಾಡಿ ಹೇಳಿ, "ಹಾಗಾದ್ರೆ ಏನು ಮಾಡೋಣ ಅಂತೀರಿ?" ಅಂತ ಕೇಳಿ. ನಮ್ಮ ಸಾವ್ಕಾರ್ರು ಹೇಳಿದ್ದು: ಗೆಳೆಯರ ಜೊತೆ ದಿನಾ ಇಡ್ಲಿ, ಭಾನುವಾರ ಒಂದು ಬೆಣ್ಣೆ ದೋಸೆ, ಗುಳಿಗೆ ಹಲ್ಲುಜ್ಜುವ ಬ್ರಷ್ ಪಕ್ಕ. ನಾನು ಅದನ್ನೇ ಚೀಟಿಯಲ್ಲಿ ಬರೆದೆ. ವಾಕಿಂಗ್ ವಿಷಯ ಎತ್ತಲಿಲ್ಲ, ಒಂದು ಸಲಕ್ಕೆ ಅಷ್ಟು ಸಾಕು.

ಒಂದು ಎಚ್ಚರಿಕೆ. ಈ ಮಾತುಕತೆ ಗುಳಿಗೆಯ ಬದಲಿಗೆ ಅಲ್ಲ. ಆಗಲೇ ಹಾರ್ಟ್ ಅಟ್ಯಾಕ್ ಆಗಿದ್ದರೆ, ಎಲ್‌ಡಿಎಲ್ 190 ದಾಟಿದ್ದರೆ, "ನಿಮಗೆ ಗುಳಿಗೆ ಬೇಕೇ ಬೇಕು ಅನ್ನೋದು ನನ್ನ ಅಭಿಪ್ರಾಯ" ಅಂತ ನೇರವಾಗಿ ಹೇಳಲೇಬೇಕು. 190 ದಾಟಿದವರಲ್ಲಿ ಅದು ವಂಶದಿಂದ ಬಂದಿರಬಹುದು. ಒಡಹುಟ್ಟಿದವರಿಗೂ ಮಕ್ಕಳಿಗೂ ಪರೀಕ್ಷೆ ಮಾಡಿಸಲು ಹೇಳಿ.

ಗುಳಿಗೆ ಶುರುವಾಗಿ 4ರಿಂದ 12 ವಾರದೊಳಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು. ಅವರು ಬಂದಾಗ ರಿಪೋರ್ಟ್ ಬಿಚ್ಚುವ ಮೊದಲು "ಹೇಗಿತ್ತು ಇಷ್ಟು ದಿನ?" ಅಂತ ಕೇಳಿ. ಸಾವ್ಕಾರ್ರು ಹತ್ತು ವಾರಕ್ಕೆ ಬಂದರು. ಎಲ್‌ಡಿಎಲ್ 112ಕ್ಕೆ ಇಳಿದಿತ್ತು. ಇನ್ನೂ ಇಳಿಯಬೇಕು. ಗುಳಿಗೆ ಐದು ದಿನ ತಪ್ಪಿತ್ತು, ಐದೂ ದಿನ ಬಟ್ಟೆ ಖರೀದಿಗೆ ಸೂರತ್‌ಗೆ ಹೋಗಿದ್ದಾಗ. ನಾನು ಬಾಯಿ ತೆಗೆಯುವ ಮುಂಚೆ ಅವರೇ ಅಂದರು: "ಇನ್ಮೇಲೆ ಆ ಬ್ಯಾಗಲ್ಲೇ ಒಂದು ಶೀಟ್ ಇಟ್ಟಿರ್ತೀನಿ ಬಿಡ್ರಿ."